ಉಳಿಸಿದ್ದು ಯಾರ ಪಾಲು?

ನಮ್ಮ ಮನೆಯಲ್ಲಿ ಒಂದು ಲೆಕ್ಕದ ಪುಸ್ತಕವಿದೆ. ಮಕ್ಕಳು ಶಾಲೆಗೆ ಒಯ್ಯುವಂಥ ನೂರು ಪುಟದ ಸಾದಾ ನೋಟ್‌ಬುಕ್ಕು. ಮೊದಲ ಪುಟದ ಮೂಲೆಯಲ್ಲಿ ಅರಿಶಿನ ಕುಂಕುಮದ ಬೊಟ್ಟಿದೆ, ಅದು ಅಮ್ಮ ಇಟ್ಟದ್ದು. ಉಳಿದ ಪುಟಗಳಲ್ಲಿ ಇರುವುದೆಲ್ಲ ನನ್ನ ಅಕ್ಷರ. ಎರಡು ವರ್ಷದ ಹಿಂದೆ, ಸಂಬಳವಿಲ್ಲದ ಎರಡು ತಿಂಗಳನ್ನು ಕೈಸಾಲದಲ್ಲಿ ದಾಟಿದ ಮೇಲೆ, ಇನ್ನು ಹೀಗಾಗಬಾರದು ಎಂದುಕೊಂಡು ಅದನ್ನು ತಂದೆ.

ನಾನು ಮೈಸೂರಿನಲ್ಲಿದ್ದುಕೊಂಡು ಪಕ್ಕದ ತಾಲ್ಲೂಕಿನ ಕಾಲೇಜೊಂದಕ್ಕೆ ಹೋಗಿಬರುವ ಅತಿಥಿ ಉಪನ್ಯಾಸಕ. ನಮ್ಮಲ್ಲಿ ಅತಿಥಿಯನ್ನು ದೇವರೆನ್ನುತ್ತಾರೆ. ಉಪನ್ಯಾಸಕ ಎಂಬ ಪದದ ಹಿಂದೆ ಬಂದಾಗ ಮಾತ್ರ ಅದರ ಅರ್ಥ, ಹೇಳಿದ ದಿನ ಎದ್ದು ಹೋಗಬೇಕಾದವನು ಎಂದು. ತಿಂಗಳಿಗೆ 28,000 ರೂಪಾಯಿ, ಅದೂ ಹತ್ತು ತಿಂಗಳು. ಉಳಿದೆರಡು ತಿಂಗಳು ಕೆಲಸವೂ ಇಲ್ಲ, ಸಂಬಳವೂ ಇಲ್ಲ. ಮನೆಯ ಓನರಿಗೆ, ಹಾಲಿನವನಿಗೆ, ಗ್ಯಾಸಿನವನಿಗೆ ನನ್ನ ಈ ಹತ್ತು ತಿಂಗಳ ವರ್ಷ ಗೊತ್ತಿಲ್ಲ. ಅವರ ವರ್ಷಕ್ಕೆ ಹನ್ನೆರಡೇ ತಿಂಗಳು.

ಕೈಸಾಲ ಕೊಟ್ಟ ಸಹೋದ್ಯೋಗಿ ಒಂದು ದಿನವೂ ವಾಪಸು ಕೇಳಲಿಲ್ಲ. ಆದರೆ ಅವರು ಸ್ಟಾಫ್‌ರೂಮಿಗೆ ಬಂದರೆ ನಾನು ಗ್ರಂಥಾಲಯದ ಕಡೆ ಹೊರಟುಬಿಡುತ್ತಿದ್ದೆ. ಒಂದು ಸಭೆಯಲ್ಲಿ ಅವರು ಹೇಳಿದ್ದು ಸರಿಯಲ್ಲ ಅನ್ನಿಸಿದಾಗಲೂ ಬಾಯಿ ಬಿಡಲಿಲ್ಲ. ಸಾಲ ತೆಗೆದುಕೊಂಡದ್ದು ಹಣವನ್ನು, ಅಡವಿಟ್ಟದ್ದು ಮಾತನ್ನು. ಉಳಿತಾಯ ಎಂದರೆ ಬ್ಯಾಂಕಿನಲ್ಲಿ ಬೆಳೆಯುವ ಅಂಕಿಯಲ್ಲ, ಇನ್ನೊಬ್ಬರೆದುರು ಬಾಯಿ ತೆರೆಯುವ ಸ್ವಾತಂತ್ರ್ಯ ಎಂದು ನನಗೆ ಅರ್ಥವಾದದ್ದು ಆಗ.

ಲೆಕ್ಕ ಸರಳವಾಗಿತ್ತು. ತಿಂಗಳಿಗೆ 5,000 ಉಳಿಸಿದರೆ ಹತ್ತು ತಿಂಗಳಿಗೆ 50,000. ತಿಂಗಳ ಖರ್ಚು 23,000ಕ್ಕೆ ಇಳಿಯುತ್ತದೆ. ಎರಡು ಖಾಲಿ ತಿಂಗಳಿಗೆ 46,000 ಸಾಕು. ಇನ್ನೂ 4,000 ಮಿಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವವರು ಹಾಸಿಗೆಯೇ ಎರಡು ತಿಂಗಳು ಇಲ್ಲದಿದ್ದರೆ ಏನು ಮಾಡಬೇಕು ಎಂದು ಹೇಳಿಲ್ಲ. ನಾನು ನನ್ನದೇ ಉತ್ತರ ಕಂಡುಕೊಂಡೆ: ಉಳಿದ ಹತ್ತು ತಿಂಗಳು ಕಾಲು ಮಡಚಿಕೊಂಡು ಮಲಗುವುದು.

ಎಲ್ಲೆಲ್ಲಿ ಕಡಿತವಾಯಿತು ಎನ್ನುವುದು ಪುಸ್ತಕದಲ್ಲಿ ಹೀಗಿದೆ. ಸಂಜೆ ಬಸ್ಸಿಳಿದು ಹೋಟೆಲಿನಲ್ಲಿ ಕುಡಿಯುತ್ತಿದ್ದ ಕಾಫಿ, 520. ಬಸ್‌ಸ್ಟಾಪಿನಿಂದ ಮನೆಗೆ ಆಗಾಗ ಹಿಡಿಯುತ್ತಿದ್ದ ಆಟೊ, 480. ದಿನಪತ್ರಿಕೆ, 200. ತಿಂಗಳಿಗೊಂದೆರಡು ಪುಸ್ತಕ, 500. ಸಿನಿಮಾ, ಹೊರಗಿನ ಊಟ, ಬಟ್ಟೆ ಎಲ್ಲ ಸೇರಿ 1,340. ದಿನಕ್ಕೆ ಒಂದು ಲೀಟರ್ ಇದ್ದ ಹಾಲು ಅರ್ಧಕ್ಕೆ ಇಳಿಕೆ, 660. ದೇವರ ಪಟಕ್ಕೆ ದಿನಾ ತರುತ್ತಿದ್ದ ಹತ್ತು ರೂಪಾಯಿ ಹೂವು, 300. ಬೆಳಿಗ್ಗೆ ಬಂದು ಪಾತ್ರೆ ತೊಳೆದು ಮನೆ ಒರೆಸಿ ಹೋಗುತ್ತಿದ್ದ ಹೆಂಗಸಿನ ಸಂಬಳ, 1,000. ಕೂಡಿದರೆ ಸರಿಯಾಗಿ 5,000. ಕೊನೆಯ ಗೆರೆ ಎಳೆದಾಗ, ಕಷ್ಟದ ಲೆಕ್ಕ ಬಿಡಿಸಿದ ಹುಡುಗನಿಗೆ ಆಗುವಂಥ ಖುಷಿಯಾಗಿತ್ತು.

ಆ ಖುಷಿಯ ಬಗ್ಗೆ ಸುಳ್ಳು ಹೇಳಬಾರದು. ಖರ್ಚು ಕಡಿಮೆ ಮಾಡುವುದರಲ್ಲಿ ಒಂದು ರುಚಿಯಿದೆ. ಮೊದಲ ವಾರ ಕಾಫಿಯ ವಾಸನೆಗೆ ಕಾಲು ಹೋಟೆಲಿನ ಕಡೆಗೆ ತಿರುಗುತ್ತಿತ್ತು, ಎರಡನೆಯ ತಿಂಗಳಿಗೆ ನೆನಪೂ ಆಗುತ್ತಿರಲಿಲ್ಲ. ಆಟೊ ಬಿಟ್ಟು ನಡೆದಾಗ ಬೀದಿಯ ಮರಗಳ ಗುರುತು ಸಿಕ್ಕಿತು. ಇಷ್ಟು ದಿನ ಬೇಕು ಬೇಕು ಎನ್ನುತ್ತಿದ್ದದ್ದರಲ್ಲಿ ಎಷ್ಟೊಂದು ಬರೀ ಅಭ್ಯಾಸವಾಗಿತ್ತು ಎಂದು ಗೊತ್ತಾಯಿತು. ನಾನು ಒಳ್ಳೆಯ ಮನುಷ್ಯನಾಗುತ್ತಿದ್ದೇನೆ ಎಂಬ ಭಾವನೆಯೂ ಜೊತೆಗೆ ಬಂತು. ನಾನು ಹೆಚ್ಚು ಅನುಮಾನಿಸಬೇಕಾಗಿದ್ದದ್ದು ಆ ಭಾವನೆಯನ್ನೇ.

*

ಮೊದಲ ವರ್ಷದ ಕೊನೆಯಲ್ಲಿ 50,000 ಪೂರ್ತಿಯಾಯಿತು. ಆ ಭಾನುವಾರ ಪುಸ್ತಕ ಹಿಡಿದು ನಡುಮನೆಯಲ್ಲಿ ಕೂತಿದ್ದೆ. ಎದುರಿಗೆ ಅಮ್ಮ ಮೊರದಲ್ಲಿ ಸೊಸೈಟಿ ಅಕ್ಕಿ ಆರಿಸುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಗಮನಿಸಿದೆ: ಅವಳು ಅಕ್ಕಿಯನ್ನು ನೋಡುತ್ತಿರಲಿಲ್ಲ. ಮುಖ ಕಿಟಕಿಯ ಕಡೆಗಿತ್ತು. ಬೆರಳುಗಳು ಮಾತ್ರ ಅಕ್ಕಿಯ ಮೇಲೆ ಓಡಾಡಿ, ಕಲ್ಲು ಸಿಕ್ಕಲ್ಲಿ ನಿಂತು, ಅದನ್ನು ಹೆಕ್ಕಿ ಪಕ್ಕಕ್ಕಿಡುತ್ತಿದ್ದವು.

"ಯಾಕಮ್ಮ, ನೋಡ್ದೇನೇ ಆರಿಸ್ತಿದೀಯ?"

"ನೋಡಿದ್ರೂ ಒಂದೇ, ನೋಡ್ದೇ ಇದ್ರೂ ಒಂದೇ. ಬೆರಳಿಗೇ ಚೆನ್ನಾಗಿ ಗೊತ್ತಾಗತ್ತೆ ಕಣೋ."

ಪುಸ್ತಕದ ಹಿಂದಿನ ಪುಟಗಳನ್ನು ತಿರುವಿದೆ. ನನ್ನದೇ ಅಕ್ಷರದಲ್ಲಿ ಒಂದು ಸಾಲು ಇತ್ತು: ಅಮ್ಮನ ಕನ್ನಡಕ, ಮುಂದಿನ ತಿಂಗಳು. ಅದರ ಮುಂದಿನ ತಿಂಗಳಿನಲ್ಲೂ ಅದೇ ಸಾಲು. ಹೀಗೆ ಆರು ತಿಂಗಳು. ಏಳನೆಯ ತಿಂಗಳಿನಿಂದ ಅದನ್ನು ಬರೆಯುವುದನ್ನೇ ಬಿಟ್ಟಿದ್ದೆ. ಬರೆಯದಿದ್ದದ್ದು ಖರ್ಚೇ ಅಲ್ಲವಲ್ಲ.

ಆ ಸಂಜೆ ಕೆಂಪು ಪೆನ್ನು ತೆಗೆದುಕೊಂಡು ಕಡಿತಗಳ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದೆ. ಮೇಲೆ 'ಯಾರದು?' ಎಂದು ಬರೆದೆ. ಕಾಫಿ, ನನ್ನದು. ಆಟೊ, ಪತ್ರಿಕೆ, ಪುಸ್ತಕ, ಸಿನಿಮಾ, ಊಟ, ಬಟ್ಟೆ, ಇವೂ ನನ್ನವೇ. ಒಟ್ಟು 3,040. ಹಾಲು ಯಾರದು? ನಾನು ಬೆಳಿಗ್ಗೆ ಒಂದು ಲೋಟ ಕಾಫಿ ಕುಡಿದು ಹೊರಟರೆ ಸಂಜೆಯೇ ಮನೆಗೆ ಬರುವುದು. ಅರ್ಧ ಲೀಟರಿನಲ್ಲಿ ನನ್ನ ಲೋಟ ಚಿಕ್ಕದಾಗಿರಲಿಲ್ಲ. ಮಧ್ಯಾಹ್ನ ಮೂರು ಗಂಟೆಯ ಅವಳ ಕಾಫಿ ನಿಂತಿತ್ತು. ಹೂವು ಅವಳದು. ಪಾತ್ರೆ ತೊಳೆಯುವ ಹೆಂಗಸಿನ ಸಾವಿರ ರೂಪಾಯಿ? ಆ ಹೆಂಗಸು ಬರುವುದು ನಿಂತಿತ್ತೇ ಹೊರತು ಪಾತ್ರೆಗಳು ಮುಸುರೆಯಾಗುವುದು ನಿಂತಿರಲಿಲ್ಲ. ಮೊಣಕಾಲು ನೋವಿನ ಅಮ್ಮ ಅವನ್ನು ತೊಳೆಯುತ್ತಿದ್ದಳು. ಹಾಲು, ಹೂವು, ಪಾತ್ರೆ ಸೇರಿ 1,960. ಹತ್ತು ತಿಂಗಳಿಗೆ 19,600.

ನಾನು ಉಳಿಸಿದೆ ಎಂದುಕೊಂಡ 50,000ದಲ್ಲಿ 19,600 ನಾನು ಉಳಿಸಿದ್ದಲ್ಲ. ಅದು ನನ್ನ ಖಾತೆಯಲ್ಲಿತ್ತು, ಅಷ್ಟೆ. ಕನ್ನಡಕದ ಲೆಕ್ಕ ಬೇರೆ.

ಆ ಹೆಂಗಸಿಗೆ ಬಿಡಿಸುವ ವಿಷಯ ಹೇಳಿದ ದಿನ ಅವಳು ಕೇಳಿದ್ದು ಒಂದೇ ಮಾತು: "ನನ್ನಿಂದ ಏನಾರ ತಪ್ಪಾಯ್ತಾ ಅಮ್ಮಾವ್ರೆ?" ಅಮ್ಮ ನನ್ನ ಮುಖ ನೋಡಿದಳು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದೆ. ಆಮೇಲೆ ಅಮ್ಮ, "ಹೋಗ್ಲಿ ಬಿಡು, ನಾಕು ಪಾತ್ರೆ ತಾನೆ, ನಾನೇ ತೊಳ್ಕೊಂಡ್ರಾಯ್ತು" ಅಂದಳು. ಅದನ್ನು ನಾನು ಒಪ್ಪಿಗೆ ಎಂದು ಬರೆದುಕೊಂಡಿದ್ದೆ.

*

ಮಿತವ್ಯಯಕ್ಕೂ ಜಿಪುಣತನಕ್ಕೂ ಏನು ವ್ಯತ್ಯಾಸ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಪ್ರಮಾಣದ್ದು. ಬೇಕಾದದ್ದಕ್ಕೆ ಖರ್ಚು ಮಾಡಿ ಬೇಡದ್ದನ್ನು ಬಿಡುವವನು ಮಿತವ್ಯಯಿ, ಬೇಕಾದದ್ದಕ್ಕೂ ಕೈ ಬಿಚ್ಚದವನು ಜಿಪುಣ. ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ನಾಲ್ಕನೆಯ ಭಾಗದಲ್ಲಿ ಉದಾರತೆಯನ್ನು ದುಂದುಗಾರಿಕೆ ಮತ್ತು ಜಿಪುಣತನಗಳ ನಡುವೆ ಇಡುತ್ತಾನೆ. ಕೊಟ್ಟದ್ದು ಎಷ್ಟು ಎನ್ನುವುದಕ್ಕಿಂತ ಯಾವ ಸ್ಥಿತಿಯಲ್ಲಿದ್ದು ಕೊಟ್ಟ ಎನ್ನುವುದು ಮುಖ್ಯ, ಕಡಿಮೆ ಇದ್ದವನು ಕಡಿಮೆ ಕೊಟ್ಟೂ ಹೆಚ್ಚು ಉದಾರಿಯಾಗಬಹುದು ಎನ್ನುತ್ತಾನೆ. ದುಂದುಗಾರನನ್ನು ವಯಸ್ಸೋ ಬಡತನವೋ ತಿದ್ದಬಹುದು, ಜಿಪುಣನಿಗೆ ಮದ್ದಿಲ್ಲ ಎಂದೂ ಹೇಳುತ್ತಾನೆ. ಒಪ್ಪುವಂಥ ಮಾತುಗಳೇ. ಆದರೆ ಅವನ ಕಣ್ಣ ಮುಂದೆ ಇದ್ದದ್ದು ಒಬ್ಬ ಗಂಡಸು ಮತ್ತು ಅವನ ಹಣದ ಚೀಲ. ಆ ಚೀಲದ ಬಾಯಿ ಬಿಗಿದಾಗ ಮನೆಯೊಳಗೆ ಯಾರ ತಟ್ಟೆ ಖಾಲಿಯಾಯಿತು ಎಂಬ ಪ್ರಶ್ನೆ ಅಲ್ಲಿಲ್ಲ.

ಅರ್ಥಶಾಸ್ತ್ರದವರೂ ಅಡುಗೆಮನೆಗೆ ಹೋಗುವುದು ಕಡಿಮೆ. ಮಿತವ್ಯಯಿ ಊರಿಗೆಲ್ಲ ಉಪಕಾರಿ ಎಂಬ ಅರ್ಥದ ಮಾತನ್ನು ಆಡಂ ಸ್ಮಿತ್ 1776ರಲ್ಲಿ ಬರೆದ. ಎಲ್ಲರೂ ಒಟ್ಟಿಗೆ ಖರ್ಚು ನಿಲ್ಲಿಸಿದರೆ ವ್ಯಾಪಾರ ಕುಸಿದು, ಆದಾಯ ಇಳಿದು, ಕೊನೆಗೆ ಉಳಿಸಲೂ ಏನೂ ಇರುವುದಿಲ್ಲ ಎಂದು 1936ರಲ್ಲಿ ಕೇನ್ಸ್ ವಾದಿಸಿದ. ಇಬ್ಬರೂ ಕೇಳಿದ್ದು ಉಳಿತಾಯ ದೇಶಕ್ಕೆ ಒಳ್ಳೆಯದೋ ಕೆಟ್ಟದ್ದೋ ಎಂದು. ನನ್ನ ಪ್ರಶ್ನೆ ಅದಕ್ಕಿಂತ ಚಿಕ್ಕದು: ಒಂದು ಮನೆ 5,000 ಉಳಿಸಿತು ಎಂದಾಗ ಆ ಮನೆಯಲ್ಲಿ ಯಾರು ಏನನ್ನು ಬಿಟ್ಟರು, ಬಿಡು ಎಂದವರು ಯಾರು?

ಈ ಪ್ರಶ್ನೆಗೆ ನನಗೆ ಗೊತ್ತಿರುವ ಅತ್ಯಂತ ಪ್ರಾಮಾಣಿಕ ಸಾಕ್ಷಿ ಗಾಂಧಿಯ ಆತ್ಮಕಥೆ. 1888ರಲ್ಲಿ ಓದಲು ಲಂಡನ್ನಿಗೆ ಹೋದ ಹುಡುಗ ಮೊದಲು ಸೂಟು, ನೃತ್ಯ, ಪಿಟೀಲು ಎಂದು ಹಣ ಸುರಿಯುತ್ತಾನೆ. ಆಮೇಲೆ ಎಚ್ಚೆತ್ತು ಪ್ರತಿ ಕಾಸಿನ ಲೆಕ್ಕ ಬರೆಯತೊಡಗುತ್ತಾನೆ. ಬಸ್ಸಿನ ದುಡ್ಡು, ಅಂಚೆ ಚೀಟಿ, ಪತ್ರಿಕೆ, ಎಲ್ಲವನ್ನೂ ಬರೆದು ಮಲಗುವ ಮುಂಚೆ ಲೆಕ್ಕ ಸರಿದೂಗಿಸುವುದು. ಬಸ್ಸಿನ ಖರ್ಚು ಉಳಿಸಲು ದಿನಕ್ಕೆ ಎಂಟು ಹತ್ತು ಮೈಲಿ ನಡೆಯುವುದು. ಎರಡು ಕೋಣೆ ಬಿಟ್ಟು ಒಂದು ಕೋಣೆಗೆ ಬಂದು ತಾನೇ ತಿಂಡಿ ಬೇಯಿಸಿಕೊಳ್ಳುವುದು. ಅದರಿಂದ ಬದುಕು ಬಡವಾಗಲಿಲ್ಲ, ಒಳಗೂ ಹೊರಗೂ ಹೊಂದಾಣಿಕೆ ಬಂತು ಎಂದು ಅವರು ನೆನೆಯುತ್ತಾರೆ. ಓದುವಾಗ ಎಲ್ಲೂ ಅಳುಕಾಗುವುದಿಲ್ಲ. ಕಾಲು ಅವರದು, ಹಸಿವು ಅವರದು, ಹಣ ಅಣ್ಣ ಕಳಿಸಿದ್ದು. ಕಡಿತವೆಲ್ಲ ಅವರ ಮೈಮೇಲೆಯೇ.

ಅದೇ ಪುಸ್ತಕದಲ್ಲಿ 1901ರ ಘಟನೆಯೊಂದಿದೆ. ದಕ್ಷಿಣ ಆಫ್ರಿಕಾದಿಂದ ಊರಿಗೆ ಹೊರಟ ಗಾಂಧಿಯವರಿಗೆ ಅಲ್ಲಿನ ಭಾರತೀಯರು ಚಿನ್ನ, ಬೆಳ್ಳಿ, ವಜ್ರದ ಉಡುಗೊರೆಗಳನ್ನು ಕೊಟ್ಟರು. ಅದರಲ್ಲಿ 50 ಗಿನಿ ಬೆಲೆಯ ಚಿನ್ನದ ಹಾರವೊಂದು ಕಸ್ತೂರಬಾ ಅವರಿಗೆಂದೇ ಬಂದದ್ದು. ಸಾರ್ವಜನಿಕ ಸೇವೆಗೆ ಪ್ರತಿಫಲ ಪಡೆಯಬಾರದೆಂದು ಗಾಂಧಿ ಎಲ್ಲವನ್ನೂ ಸಮುದಾಯದ ಟ್ರಸ್ಟಿಗೆ ಒಪ್ಪಿಸಲು ನಿರ್ಧರಿಸಿದರು. ಮೊದಲು ಮಕ್ಕಳನ್ನು ಒಪ್ಪಿಸಿದರು, ಆಮೇಲೆ ಹೆಂಡತಿಯ ಬಳಿ ಹೋದರು. ಕಸ್ತೂರಬಾ ಒಪ್ಪಲಿಲ್ಲ. ಮುಂದೆ ಸೊಸೆಯಂದಿರು ಬರುತ್ತಾರೆ ಎಂದರು. ಹಾರ ಬಂದದ್ದು ನನ್ನ ಸೇವೆಗೋ ನಿನ್ನ ಸೇವೆಗೋ ಎಂದು ಗಂಡ ಕೇಳಿದಾಗ, ನೀವು ಮಾಡಿದ್ದು ನಾನು ಮಾಡಿದ ಹಾಗೆಯೇ, ಹಗಲೂ ರಾತ್ರಿ ನಿಮಗಾಗಿ ದುಡಿದೆನಲ್ಲ, ಅದು ಸೇವೆಯಲ್ಲವೆ ಎಂಬಂತೆ ತಿರುಗಿ ಕೇಳಿದರು. ಕೊನೆಗೆ ಒಪ್ಪಿಗೆ ಸಿಕ್ಕಿತು. ಅದು ಬಲವಂತದಿಂದ ಪಡೆದ ಒಪ್ಪಿಗೆ ಎಂಬುದನ್ನು ಗಾಂಧಿ ಮುಚ್ಚಿಡುವುದಿಲ್ಲ. ಈ ತೀರ್ಮಾನಕ್ಕೆ ತಾವು ಎಂದೂ ಮರುಗಲಿಲ್ಲ, ಹೆಂಡತಿಗೂ ಕಾಲಕ್ರಮದಲ್ಲಿ ಅದು ಸರಿ ಎನ್ನಿಸಿತು ಎಂದೂ ಬರೆಯುತ್ತಾರೆ.

ಇರಬಹುದು. ಆಭರಣ ಟ್ರಸ್ಟಿಗೆ ಹೋದದ್ದು ಒಳ್ಳೆಯದೇ ಆಯಿತು ಎಂದು ನಾನೂ ಹೇಳುತ್ತೇನೆ. ಆದರೂ ಲಂಡನ್ನಿನ ಮೈಲಿಗಳೂ ಈ ಹಾರವೂ ಒಂದೇ ಪುಟದಲ್ಲಿ ಬರೆಯುವ ಲೆಕ್ಕಗಳಲ್ಲ. ಒಂದರಲ್ಲಿ ಬಿಟ್ಟವರೇ ಬಿಡಬೇಕೆಂದು ನಿರ್ಧರಿಸಿದವರು. ಇನ್ನೊಂದರಲ್ಲಿ ನಿರ್ಧರಿಸಿದವರು ಒಬ್ಬರು, ಬಿಟ್ಟವರು ಇನ್ನೊಬ್ಬರು. ಮೊದಲನೆಯದಕ್ಕೆ ತ್ಯಾಗ ಎನ್ನಬಹುದು. ಎರಡನೆಯದಕ್ಕೆ ಎಷ್ಟೇ ಒಳ್ಳೆಯ ಉದ್ದೇಶವಿದ್ದರೂ ಬೇರೆ ಹೆಸರು ಹುಡುಕಬೇಕು.

*

ಆ ಬೇರೆ ಹೆಸರಿನ ಅಗತ್ಯ ನಮ್ಮ ಹೆಂಗಸರಿಗೆ ಮೊದಲಿನಿಂದ ಗೊತ್ತಿತ್ತು ಅನ್ನಿಸುತ್ತದೆ. ಇಲ್ಲದಿದ್ದರೆ ಸಾಸಿವೆ ಡಬ್ಬಿಯಲ್ಲಿ ದುಡ್ಡು ಯಾಕೆ ಇರುತ್ತಿತ್ತು? ಮನೆಖರ್ಚಿಗೆ ಕೊಟ್ಟದ್ದರಲ್ಲಿ ಹತ್ತು, ಇಪ್ಪತ್ತು ಎತ್ತಿಟ್ಟು, ಯಾರಿಗೂ ಕಾಣದಂತೆ ಕೂಡಿಹಾಕುವ ಆ ಹಣವನ್ನು ನಾವು ತಮಾಷೆಯ ವಸ್ತು ಮಾಡಿಕೊಂಡಿದ್ದೇವೆ. ಅದು ತಮಾಷೆಯಲ್ಲ, ದೂರು. ಮನೆಯ ಬಹಿರಂಗದ ಲೆಕ್ಕದಲ್ಲಿ ತನ್ನ ಮಾತಿಗೆ ಬೆಲೆ ಇದ್ದಿದ್ದರೆ ಯಾರೂ ತನ್ನ ಮನೆಯಲ್ಲೇ ಕದ್ದು ಉಳಿಸಬೇಕಾಗಿರಲಿಲ್ಲ. 2016ರ ನವೆಂಬರ್ 8ರ ರಾತ್ರಿ 500, 1,000ದ ನೋಟುಗಳು ರದ್ದಾದಾಗ ಎಷ್ಟೋ ಮನೆಗಳಲ್ಲಿ ಡಬ್ಬಿಗಳ ಮುಚ್ಚಳ ಮೊದಲ ಸಲ ಗಂಡಸರೆದುರು ತೆರೆಯಿತು. ನಮ್ಮ ಮನೆಯಲ್ಲೂ. ಅಮ್ಮ ಮಡಚಿ ಮಡಚಿ ಮೆತ್ತಗಾಗಿದ್ದ ಏಳು ಐನೂರರ ನೋಟು ತಂದು ಟೇಬಲ್ಲಿನ ಮೇಲಿಟ್ಟು, ತಪ್ಪು ಮಾಡಿದವಳ ಹಾಗೆ ನಿಂತಿದ್ದಳು. ನಾನು ನಕ್ಕಿದ್ದೆ. ಇಂದು ಆ ನಗು ನೆನೆಸಿಕೊಂಡರೆ ಹಿತವಾಗುವುದಿಲ್ಲ.

ಇದರ ಪಕ್ಕದಲ್ಲೇ ನಮ್ಮ ನಾಡಿನ ಇನ್ನೊಂದು ಉಳಿತಾಯವನ್ನು ಇಟ್ಟು ನೋಡಬೇಕು. 1925ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ ಮತ್ತು ಸಂಗಡಿಗರು ಕಟ್ಟಿದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋದದ್ದು, 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ಏಜೆಂಟರು ಮನೆ ಬಾಗಿಲಿಗೆ, ಅಂಗಡಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆಯುತ್ತಿದ್ದರು. ಆಗ ರೂಪಾಯಿಗೆ ಹದಿನಾರಾಣೆ. ಅಂದರೆ ರೂಪಾಯಿಯ ಎಂಟನೆಯ ಒಂದು ಪಾಲು. ಬ್ಯಾಂಕಿನ ಮೆಟ್ಟಿಲು ಹತ್ತಲು ಹಿಂಜರಿಯುವವರ ಬಳಿಗೆ ಬ್ಯಾಂಕೇ ನಡೆದು ಬಂತು. ಇಂದಿಗೂ ಪೇಟೆಯ ಬೀದಿಗಳಲ್ಲಿ ಸಂಜೆ ಪಿಗ್ಮಿ ಕಲೆಕ್ಟರ್ ಬರುತ್ತಾರೆ. ನಮ್ಮ ಬೀದಿಯ ಹೂವಿನಾಕೆ ಐವತ್ತು ರೂಪಾಯಿ ಕಟ್ಟುತ್ತಾಳೆ. ವ್ಯಾಪಾರ ಆಗದ ದಿನ, "ಇವತ್ತು ಇಲ್ಲ, ನಾಳೆ ಬನ್ನಿ" ಅನ್ನುತ್ತಾಳೆ. ಅವರು ಸರಿ ಎಂದು ಮುಂದೆ ಹೋಗುತ್ತಾರೆ. 'ಇವತ್ತು ಇಲ್ಲ' ಎನ್ನಲು ಅವಳಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಸಾಸಿವೆ ಡಬ್ಬಿಗೂ ಆ ಪಾಸ್‌ಪುಸ್ತಕಕ್ಕೂ ಇರುವ ವ್ಯತ್ಯಾಸ ಹಣದ್ದಲ್ಲ, ಈ ಮಾತಿನದು.

ನನ್ನ ಅಮ್ಮನಿಗೆ, ಆ ಪಾತ್ರೆ ತೊಳೆಯುವ ಹೆಂಗಸಿಗೆ, ಆ ಮಾತು ಇರಲಿಲ್ಲ. ನಾನು ಕೇಳಿದೆ, ಅವರು ಹೂಂ ಅಂದರು ಎನ್ನುವುದು ಸಾಲದು. ಬೇಡ ಅನ್ನಲು ಆಗದವರ ಹೂಂ ಅನ್ನು ಒಪ್ಪಿಗೆ ಎಂದು ಎಣಿಸಲಾಗದು. ಇದು ಗೊತ್ತಾಗಲು ನನಗೊಂದು ಬಸ್ಸು ಸಾಕಾಗಿತ್ತು, ಆದರೆ ಆಗ ಗಮನಿಸಲಿಲ್ಲ. ವರ್ಷಗಟ್ಟಲೆ ಅಮ್ಮ ತನ್ನ ತಂಗಿಯ ಊರಿಗೆ ಹೋಗುತ್ತಿದ್ದದ್ದು ಹಬ್ಬಕ್ಕೊಮ್ಮೆ. ಹೋಗಿ ಬಾ ಅಂದರೆ, "ಯಾರು ಹೋಗ್ತಾರೆ ಅಷ್ಟು ದೂರ, ಸುಸ್ತಾಗತ್ತೆ" ಅನ್ನುತ್ತಿದ್ದಳು. 2023ರ ಜೂನ್ 11ರಂದು ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವಾಯಿತು. ಆಮೇಲೆ ತಿಂಗಳಿಗೊಮ್ಮೆ ಚೀಲ ಹಿಡಿದು ಹೊರಡತೊಡಗಿದಳು. ದೂರ ಅಷ್ಟೇ ಇತ್ತು, ಸುಸ್ತೂ ಅಷ್ಟೇ ಇದ್ದಿರಬೇಕು. ಅಷ್ಟು ವರ್ಷ ಅವಳು ಬೇಡ ಅಂದದ್ದು ತಂಗಿಯನ್ನಲ್ಲ, ಟಿಕೆಟ್ಟನ್ನು.

ಈ ಬರಹ ಓದುತ್ತಿರುವವರಲ್ಲಿ ಬಹಳ ಮಂದಿ ವಿದ್ಯಾರ್ಥಿಗಳು. ನಿಮ್ಮ ಹಾಸ್ಟೆಲ್ ಫೀಜು, ಬಸ್ ಪಾಸು, ಪರೀಕ್ಷಾ ಶುಲ್ಕ ಯಾವುದೋ ಮನೆಯ ಉಳಿತಾಯದಿಂದ ಬಂದದ್ದು. ಅದರಲ್ಲಿ ಯಾರ ಯಾರ ಪಾಲಿದೆ ಎಂದು ಒಮ್ಮೆ ಬರೆದು ನೋಡಿ. ಪಿಯುಸಿಗೆ ಓದು ನಿಲ್ಲಿಸಿದ ಅಕ್ಕನ ಹೆಸರು ಅಲ್ಲಿ ಬರಬಹುದು. ಹಲ್ಲು ನೋವನ್ನು ಲವಂಗದಲ್ಲಿ ತಡೆದುಕೊಂಡ ಅಪ್ಪನ ಹೆಸರು ಬರಬಹುದು. ಪಾಪಪ್ರಜ್ಞೆ ಹುಟ್ಟಿಸಲು ಇದನ್ನು ಹೇಳುತ್ತಿಲ್ಲ. ಅಕ್ಕ ಓದು ನಿಲ್ಲಿಸಿದಾಗಲೂ ಆ ಮನೆಯಲ್ಲಿ ಯಾರೋ, "ಅವಳಿಗೆ ಓದಿನಲ್ಲಿ ಅಷ್ಟು ಆಸಕ್ತಿ ಇರಲಿಲ್ಲ" ಎಂದು ಹೇಳಿರುತ್ತಾರೆ. ಆ ವಾಕ್ಯವನ್ನು ಅವಳೇ ಹೇಳಿದಳೋ, ಅವಳ ಪರವಾಗಿ ಬೇರೆಯವರು ಹೇಳಿದರೋ ಎಂದು ಕೇಳಿಕೊಳ್ಳಿ ಎನ್ನುವುದಷ್ಟೆ ನನ್ನ ಮಾತು.

*

ಇದಕ್ಕೆ ನ್ಯಾಯವಾದ ಒಂದು ಆಕ್ಷೇಪವಿದೆ. ಯಾವ ಕಡಿತ ತಾನೆ ಬರೀ ನನ್ನದು? ಕಾಫಿ ಬಿಟ್ಟರೆ ಹೋಟೆಲಿನವನಿಗೆ ನಷ್ಟ, ಪತ್ರಿಕೆ ಬಿಟ್ಟರೆ ಅದನ್ನು ಹಂಚುವ ಹುಡುಗನಿಗೆ ನಷ್ಟ. ಹೀಗೆ ನೋಡುತ್ತ ಹೋದರೆ ಬಡವನು ಒಂದು ರೂಪಾಯಿಯನ್ನೂ ಉಳಿಸುವಂತಿಲ್ಲ. ಇದನ್ನು ಬಹಳ ದಿನ ಯೋಚಿಸಿದೆ. ನನಗೆ ತೋಚುವುದು ಇಷ್ಟು: ಹೋಟೆಲಿನವನಿಗೆ ನನ್ನ ಕಾಫಿಯ ಮೇಲೆ ಹಕ್ಕಿಲ್ಲ. ನಾನು ಬಿಟ್ಟರೆ ಇನ್ನೊಬ್ಬರು ಬರುತ್ತಾರೆ, ನಾಳೆ ನಾನೇ ಹೋಗಬಹುದು. ಆದರೆ ನಾಲ್ಕು ವರ್ಷ ದಿನವೂ ಬಂದು ನನ್ನ ಎಂಜಲು ತಟ್ಟೆ ತೊಳೆದ ಹೆಂಗಸು, ನನ್ನ ಸಾವಿರವನ್ನು ನಂಬಿ ತನ್ನ ತಿಂಗಳನ್ನು ಹೊಂದಿಸಿಕೊಂಡಿದ್ದವಳು. ಒಂದು ತಿಂಗಳು ಮುಂಚೆ ಹೇಳುವುದು, ಬೇರೆ ಮನೆ ಸಿಗುವವರೆಗೆ ಇಟ್ಟುಕೊಳ್ಳುವುದು, ಕೆಲಸ ಅರ್ಧ ಮಾಡೋಣವೇ ಎಂದು ಅವಳನ್ನೇ ಕೇಳುವುದು, ಇವೆಲ್ಲ ನನ್ನಿಂದ ಆಗುತ್ತಿದ್ದವು. ಬಿಡಿಸಿದ್ದೇ ತಪ್ಪು ಎನ್ನುತ್ತಿಲ್ಲ. ಅವಳು ಪ್ರಶ್ನೆ ಕೇಳಿದಾಗ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದದ್ದು ತಪ್ಪು. ನಮ್ಮನ್ನು ನಂಬಿದವರ ಮೇಲೆ ಬೀಳುವ ಕಡಿತವನ್ನು ಅವರ ಮುಖ ನೋಡಿ ಹೇಳಲು ಆಗದಿದ್ದರೆ, ಆ ಕಡಿತ ಮಾಡುವ ಯೋಗ್ಯತೆ ನಮಗಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಹಳೆಯದು. ಉಳಿಸುವುದೇ ಯಾಕೆ? 12ನೆಯ ಶತಮಾನದ ಕಲ್ಯಾಣದಲ್ಲಿ ಅಂಗಳಕ್ಕೆ ಚೆಲ್ಲಿದ ಅಕ್ಕಿ ಆಯ್ದು ತರುವುದನ್ನೇ ಕಾಯಕ ಮಾಡಿಕೊಂಡಿದ್ದ ಮಾರಯ್ಯನ ಕಥೆ ನಮಗೆಲ್ಲ ಗೊತ್ತು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ, ಇಷ್ಟು ನಮಗೆ ಬೇಡ, ಹೆಚ್ಚಿನದ್ದನ್ನು ಅಲ್ಲೇ ಸುರಿದು ಬಾ ಎಂದು ವಾಪಸು ಕಳಿಸಿದಳು. ಅಮ್ಮ ಮೊರದ ಮುಂದೆ ಕೂತಾಗಲೆಲ್ಲ ಈಗ ನನಗೆ ಆಯ್ದಕ್ಕಿ ಲಕ್ಕಮ್ಮನ ನೆನಪಾಗುತ್ತದೆ. ಈ ಕಥೆಯನ್ನು ನಾವು ದುರಾಸೆಯ ವಿರುದ್ಧದ ಪಾಠವಾಗಿ ಓದುತ್ತೇವೆ. ನನಗೆ ಅದರಲ್ಲಿ ಇನ್ನೂ ಎರಡು ವಿಷಯ ಕಾಣುತ್ತವೆ. ಒಂದು, ಆ ಮನೆಯ ಅಳತೆ ಹೆಂಗಸಿನ ಕೈಯಲ್ಲಿತ್ತು. ತಂದವನು ಗಂಡ, ಸಾಕು ಎಂದು ಹೇಳಿದವಳು ಅವಳು, ಅವನು ಕೇಳಿದ. ಎರಡು, ನಾಳೆಯ ಅಕ್ಕಿ ನಾಳೆ ಸಿಗುತ್ತದೆ ಎಂಬ ಭರವಸೆಯನ್ನು ಕೊಡುವ ಅಂಗಳವೊಂದು ಅವರಿಗಿತ್ತು. ಸುತ್ತಲೂ ದಾಸೋಹದ ಸಮುದಾಯವಿತ್ತು.

ನನಗೆ ಆ ಅಂಗಳವಿಲ್ಲ. ಪಿಂಚಣಿ ಇಲ್ಲ, ಕಾಯಿಲೆ ಬಿದ್ದರೆ ರಜೆ ಇಲ್ಲ, ವರ್ಷಕ್ಕೆ ಎರಡು ತಿಂಗಳು ಸಂಬಳವಿಲ್ಲ. ಹೆಚ್ಚಿನ ಅಕ್ಕಿಯನ್ನು ಸುರಿದು ಬಾ ಎಂದು ಇಂಥವನಿಗೆ ಉಪದೇಶಿಸುವುದು ಕ್ರೌರ್ಯ. ಅಂಗಳ ಇಲ್ಲದ ಕಡೆ ಡಬ್ಬಿ ಬೇಕು. ಕಡಿಮೆ ಆದಾಯದವರಿಗೆ ಉಳಿಸಿ ಉಳಿಸಿ ಎಂದು ಹೇಳುವ ಪುಸ್ತಕಗಳು, ಭಾಷಣಗಳು ಮರೆಯುವುದು ಇದನ್ನೇ: ಎಲ್ಲರೂ ಸೇರಿ ಹೊರಬೇಕಾದ ಭಾರವನ್ನು ಒಂದೊಂದು ಮನೆ ಒಂಟಿಯಾಗಿ ಹೊತ್ತಾಗ ಅದು ಉಳಿತಾಯ ಎನ್ನಿಸಿಕೊಳ್ಳುತ್ತದೆ. ಮನೆಯೊಳಗೆ ಆ ಭಾರ ಇಳಿದು ಇಳಿದು ಯಾರು ತಿರುಗಿ ಮಾತಾಡುವುದಿಲ್ಲವೋ ಅವರ ತಲೆಯ ಮೇಲೆ ಬಂದು ಕೂರುತ್ತದೆ. ಹಾಗಾಗಿ ಉಳಿಸಬೇಕು, ಉಳಿಸುತ್ತೇನೆ. ಆದರೆ ಅದನ್ನು ನನ್ನ ಸದ್ಗುಣ ಎಂದು ಬರೆದುಕೊಳ್ಳುವುದನ್ನು ನಿಲ್ಲಿಸಿದ್ದೇನೆ.

*

ಕೆಂಪು ಗೆರೆ ಎಳೆದ ಮರುವಾರವೇ ಅಮ್ಮನಿಗೆ ಕನ್ನಡಕ ಮಾಡಿಸಿದೆ. 1,800 ರೂಪಾಯಿ. ಖಾಲಿ ತಿಂಗಳು ದಾಟಿ ಮಿಗಬೇಕಾಗಿದ್ದ 4,000ದಲ್ಲಿ ಅದು ಹೋಯಿತು. ಆರು ತಿಂಗಳು ಮುಂದೂಡಿದ್ದಕ್ಕೆ ಅಷ್ಟು ದುಡ್ಡು ಇತ್ತು ಎಂದಾಯಿತು. ಪಾತ್ರೆ ತೊಳೆಯುತ್ತಿದ್ದ ಹೆಂಗಸನ್ನು ವಿಚಾರಿಸಿಕೊಂಡು ಹೋದೆ. ಅವಳು ಎರಡು ಬೀದಿ ಆಚೆ ಬೇರೆ ಮನೆ ಹಿಡಿದಿದ್ದಳು. ನಮ್ಮ ಹೊತ್ತಿಗೆ ಬರಲಾಗುವುದಿಲ್ಲ ಎಂದಳು. ಕೋಪವೇನೂ ತೋರಿಸಲಿಲ್ಲ, ಅಮ್ಮಾವ್ರ ಕಾಲು ಹೇಗಿದೆ ಎಂದು ಕೇಳಿದಳು. ಎಲ್ಲ ಕಡಿತವನ್ನೂ ವಾಪಸು ಹಾಕಲಾಗುವುದಿಲ್ಲ ಎನ್ನುವುದನ್ನೂ ಪುಸ್ತಕದಲ್ಲಿ ಬರೆಯಬೇಕಿತ್ತು, ಅದಕ್ಕೆ ಯಾವ ಕಾಲಮ್ಮು ಎಂದು ತಿಳಿಯಲಿಲ್ಲ.

ಹೊಸ ಕನ್ನಡಕ ಬಂದ ಮೇಲೆ ಅಮ್ಮ ಒಂದು ದಿನ ನೋಟ್‌ಬುಕ್ಕು ತೆಗೆದು ಓದುತ್ತಿದ್ದಳು. ಕೆಂಪು ಅಕ್ಷರದ ಮೇಲೆ ಬೆರಳಿಟ್ಟು ಕೇಳಿದಳು:

"ಇದೇನೋ, ಹಾಲಿನ ಮುಂದೆ ನನ್ನ ಹೆಸ್ರು ಬರ್ದಿದೀಯ?"

ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

"ಹಾಲು ನಾನೇ ಬಿಟ್ಟಿದ್ದು ಕಣೋ. ಮಧ್ಯಾಹ್ನ ಕಾಫಿ ಕುಡಿದ್ರೆ ರಾತ್ರಿ ನಿದ್ದೆ ಬರ್ತಿರ್ಲಿಲ್ಲ. ಮಗನಿಗೆ ಅಂತ ನಾನೇನಾದ್ರೂ ಬಿಟ್ರೆ ಅದನ್ನೂ ನೀನು ಕಿತ್ಕೊಂಡೆ ಅಂತ ಬರ್ಕೋಬೇಡ. ಕೊಡೋದು ನನ್ಗೂ ಗೊತ್ತು." ಸ್ವಲ್ಪ ತಡೆದು ಹೇಳಿದಳು. "ಹೂವಿನ್ದು ಮಾತ್ರ ಬೇಜಾರಾಗಿತ್ತು. ಅವಳನ್ನ ಬಿಡ್ಸಿದ್ದೂ ನನಗೆ ಇಷ್ಟ ಇರ್ಲಿಲ್ಲ. ಅವಳು ಬಂದ್ರೆ ಎರಡು ಮಾತಾಡ್ತಿದ್ವಿ."

ಒಂದು ವರ್ಷ ನಾನು ಅವಳನ್ನು ಕೇಳದೆ ಕಡಿದೆ. ಆಮೇಲೆ ಒಂದು ಸಂಜೆ ಕೂತು, ಮತ್ತೆ ಅವಳನ್ನು ಕೇಳದೆಯೇ, ಏನೇನು ಅವಳದು ಎಂದು ತೀರ್ಮಾನಿಸಿದೆ. ಎರಡರಲ್ಲೂ ತಪ್ಪಾಗಿತ್ತು. ಹೂವನ್ನು 300 ರೂಪಾಯಿ ಎಂದು ಬರೆದಿದ್ದೆ, ಪಾತ್ರೆಯನ್ನು ಮೊಣಕಾಲು ನೋವು ಎಂದು ಓದಿಕೊಂಡಿದ್ದೆ. ಹತ್ತು ಗಂಟೆಗೆ ಬಾಗಿಲಲ್ಲಿ ಕೂತು ಇಬ್ಬರು ಹೆಂಗಸರು ಆಡುತ್ತಿದ್ದ ಮಾತು ಯಾವ ಗೆರೆಯಲ್ಲೂ ಇರಲಿಲ್ಲ.

ಈ ವರ್ಷದ ಲೆಕ್ಕವನ್ನು ಇಬ್ಬರೂ ಕೂತು ಬರೆದೆವು. ಹೂವು ವಾಪಸು ಬಂತು. ವಾರಕ್ಕೆ ಮೂರು ದಿನ ಪಾತ್ರೆಗೆ ಇನ್ನೊಬ್ಬಾಕೆ ಬರುತ್ತಾಳೆ, 700 ರೂಪಾಯಿ. ಅಲ್ಲಿಗೆ ಸಾವಿರ ಹೋಯಿತು. ಹಾಲು ಅರ್ಧ ಲೀಟರೇ ಇರಲಿ ಎಂದಳು, ಬಿಟ್ಟೆ. ತಿಂಗಳಿಗೆ 5,000 ಇದ್ದದ್ದು ಈಗ 4,000. ತಿಂಗಳ ಖರ್ಚು 24,000, ಖಾಲಿ ತಿಂಗಳೆರಡಕ್ಕೆ ಬೇಕಾದದ್ದು 48,000, ಕೈಯಲ್ಲಿರುವುದು 40,000. 8,000 ಕಡಿಮೆ ಬೀಳುತ್ತದೆ. ರಜೆಯಲ್ಲಿ ಪ್ರೂಫ್ ನೋಡುವ ಕೆಲಸ ಸಿಗಬಹುದು, ಸಿಗದಿರಬಹುದು. ಸಿಗದಿದ್ದರೆ ಮತ್ತೆ ಯಾರದೋ ಮುಂದೆ ನಿಲ್ಲಬೇಕು.

ಆ 8,000ದ ಮುಂದೆ 'ಯಾರದು?' ಎಂಬ ಕಾಲಮ್ಮಿನಲ್ಲಿ ಏನು ಬರೆಯಲಿ ಎಂದು ಅಮ್ಮನನ್ನು ಕೇಳಿದೆ. "ಇಬ್ಬರ್ದೂ ಅಂತ ಬರಿ" ಅಂದಳು.